ನಾಲ್ಕು ಟ್ಯೂಬಿನಲ್ಲಿ ಸೋದರಮಾವ: ಬಳಕೆದಾರರ ಕೈಪಿಡಿ

ಅಭಿನಂದನೆಗಳು! ಇಂಪ್ರೆಷನಿಸ್ಟ್ ಶೈಲಿಯಲ್ಲಿ ತೈಲವರ್ಣದ ಭಾವಚಿತ್ರ ಬರೆಯುವ ಪೆಟ್ಟಿಗೆ ಈಗ ನಿಮ್ಮದು. ಬಳಸುವ ಮುನ್ನ ಕೈಪಿಡಿಯನ್ನು ಪೂರ್ತಿ ಓದಿ. ಯಾರೂ ಓದುವುದಿಲ್ಲ ಎಂಬುದು ನಮಗೂ ಗೊತ್ತು.

ಪೆಟ್ಟಿಗೆಯಲ್ಲಿ ಇರುವುದು

ಬಿಳಿ, ಯೆಲ್ಲೋ ಓಕರ್, ಕೆಂಪು, ಐವರಿ ಬ್ಲ್ಯಾಕ್. ನೀಲಿ ಇಲ್ಲ. ಪೆಟ್ಟಿಗೆ ತಲೆಕೆಳಗು ಮಾಡಿ ಕೊಡವಿದರೂ ಬೀಳುವುದಿಲ್ಲ. ಈ ನಾಲ್ಕರ ಕೂಟಕ್ಕೆ ಸ್ವೀಡನ್ನಿನ ಆಂಡರ್ಸ್ ಜಾರ್ನ್ (1860–1920) ಹೆಸರು ಅಂಟಿಕೊಂಡಿದೆ. 1896ರಲ್ಲಿ ಅವರು ಬರೆದುಕೊಂಡ ಸ್ವಂತ ಚಿತ್ರದಲ್ಲಿ ಕೈಯಲ್ಲಿರುವ ಪ್ಯಾಲೆಟ್ಟಿನ ಮೇಲೆ ಇವೇ ಕಾಣುತ್ತವೆ. ಅವರ ಕೆಂಪು ಪಾದರಸದಿಂದಾದ ವರ್ಮಿಲಿಯನ್. ಈಗ ಹೆಚ್ಚಿನವರು ಕ್ಯಾಡ್ಮಿಯಂ ರೆಡ್ ಲೈಟ್‌ನಿಂದ ಸುಧಾರಿಸಿಕೊಳ್ಳುತ್ತಾರೆ.

ನೀಲಿ ಬೇಕೇ ಬೇಕೆಂದರೆ ಕಪ್ಪಿಗೆ ಬಿಳಿ ಬೆರೆಸಿ. ಬರುವ ಬೂದು ಬಣ್ಣವನ್ನು ಕೆಂಪು ಕೆನ್ನೆಯ ಪಕ್ಕ ಇಟ್ಟು ನೋಡಿ, ಕಣ್ಣು ಅದನ್ನು ನೀಲಿ ಎಂದೇ ನಂಬುತ್ತದೆ. ಕಪ್ಪಿಗೆ ಓಕರ್ ಬೆರೆಸಿದರೆ ಮಂಕು ಹಸಿರು. 1874ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ಪ್ರದರ್ಶನ ನಡೆಸಿದ ಇಂಪ್ರೆಷನಿಸ್ಟರಲ್ಲಿ ಮೊನೆಯಂಥವರು ನೆರಳಿನಿಂದ ಕಪ್ಪನ್ನು ಓಡಿಸಿದ್ದರು. ಇಲ್ಲಿ ಕಪ್ಪಿಲ್ಲದೆ ಅಂಗಡಿಯೇ ತೆರೆಯದು. ಈ ಬಗ್ಗೆ ಗ್ರಾಹಕ ಸೇವೆಗೆ ಫೋನ್ ಮಾಡಬೇಡಿ.

ಹಂತ 1: ಸೋದರಮಾವನನ್ನು ಕಿಟಕಿಯ ಪಕ್ಕ ಕೂರಿಸಿ, ಟ್ಯೂಬ್‌ಲೈಟ್ ಆರಿಸಿ. ಬೆಳಕು ಒಂದೇ ಕಡೆಯಿಂದ ಬರಲಿ. ಮಾವನ ಮೊಬೈಲನ್ನು ಅಡುಗೆಮನೆಯಲ್ಲಿ ಇಡಿ.

ಹಂತ 2: ಕಣ್ಣು ಕಿರಿದು ಮಾಡಿ. ಮೀಸೆ, ಕನ್ನಡಕ, ಸೋದರಪ್ರೀತಿ ಎಲ್ಲ ಕರಗಿ ಎರಡು ತುಂಡು ಉಳಿಯುತ್ತವೆ: ಬೆಳಕಿನದು, ನೆರಳಿನದು. ಬಣ್ಣಕ್ಕೆ ಟರ್ಪೆಂಟೈನ್ ಸೇರಿಸಿ ತೆಳುವಾಗಿ ಅವೆರಡನ್ನೇ ಮೊದಲು ತುಂಬಿ.

ಹಂತ 3: ಮೈಬಣ್ಣ ಕಲಸಿ. ಸ್ವೀಡನ್ನಿನ ಅಳತೆ ನಮ್ಮ ಮಾವಂದಿರಿಗೆ ಹೊಂದದು. ಓಕರ್ ಮತ್ತು ಕೆಂಪಿನಿಂದ ಶುರುಮಾಡಿ, ಚಿಟಿಕೆ ಕಪ್ಪು ಸೇರಿಸಿ, ಬಿಳಿಯನ್ನು ಜುಗ್ಗರಂತೆ ಬಳಸಿ. ಹಣೆ ತುಸು ಹಳದಿ. ಮೂಗು, ಕೆನ್ನೆ, ಕಿವಿ ಕೆಂಪು. ಗಡ್ಡ ಬೋಳಿಸಿದ ಜಾಗ ಬೂದು. ಹಣೆಯ ಹೊಳಪು ಅಚ್ಚ ಬಿಳಿಯಲ್ಲ: ಕಿಟಕಿಯಾಚೆಯ ಆಕಾಶ ಅಲ್ಲಿ ಬಿದ್ದಿರುತ್ತದೆ, ಆ ತಣ್ಣನೆ ಬೂದು ಬಣ್ಣವನ್ನೇ ಇಡಿ.

ಹಂತ 4: ಅಗಲ ಕುಂಚ ಹಿಡಿಯಿರಿ. ಒಂದು ಏಟು ಹಾಕಿ, ಕೈ ತೆಗೆಯಿರಿ. ಸವರಬೇಡಿ. ರೆಪ್ಪೆಗೂದಲು ಎಣಿಸುವ ಆಸೆ ಬಂದರೆ ಎದ್ದು ಕಾಫಿ ಕುಡಿಯಿರಿ.

ದೋಷ ಪರಿಹಾರ

ಮುಖ ಕೆಸರಾಗಿದೆ: ಕುಂಚ ಒರೆಸದೆ ತಿಕ್ಕಿದ್ದೀರಿ. ಪ್ಯಾಲೆಟ್ ನೈಫಿನಿಂದ ಕೆರೆದು ಮತ್ತೆ ಹಚ್ಚಿ. ತೈಲವರ್ಣ ಬೇಗ ಒಣಗುವುದಿಲ್ಲ, ಸಮಯವಿದೆ.

ಮುಖ ಸುಣ್ಣ ಬಳಿದಂತಿದೆ: ಬಿಳಿ ಹೆಚ್ಚಾಗಿದೆ. ಹಂತ 3 ಓದಿ, ಈ ಸಲ ನಿಜವಾಗಿ.

ಅತ್ತೆ ಬಂದು “ಇದು ಯಾರು?” ಎಂದರು: ಅವರನ್ನು ಎಂಟಡಿ ಹಿಂದೆ ನಿಲ್ಲಿಸಿ. ಆಗಲೂ ಹಾಗೇ ಕೇಳಿದರೆ ಮೂಗಿನಿಂದ ಗಲ್ಲದವರೆಗಿನ ಅಳತೆ ತಪ್ಪಿದೆ. ಬಣ್ಣದ ಮೇಲೆ ಗೂಬೆ ಕೂರಿಸಬೇಡಿ.

ಎಚ್ಚರಿಕೆ (ಇದು ತಮಾಷೆಯಲ್ಲ)

ತೈಲವರ್ಣದಲ್ಲಿರುವ ಅಗಸೆ ಎಣ್ಣೆ ಒಣಗುವಾಗ ಗಾಳಿಯ ಆಮ್ಲಜನಕ ಹೀರಿ ಬಿಸಿಯಾಗುತ್ತದೆ. ಕುಂಚ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಿದರೆ ತಾನೇ ಹೊತ್ತಿಕೊಳ್ಳಬಹುದು. ಬಯಲಲ್ಲಿ ಹರಡಿ ಒಣಗಿಸಿ. ಟರ್ಪೆಂಟೈನ್ ಬಳಸುವಾಗ ಬಾಗಿಲು ಕಿಟಕಿ ತೆರೆದಿರಲಿ.

ವಾರಂಟಿ

ಹೋಲಿಕೆಗೂ ಮಾವನ ಮುನಿಸಿಗೂ ವಾರಂಟಿ ಇಲ್ಲ. ಮುಖವನ್ನು ನಿಲ್ಲಿಸುವುದು ಬೆಳಕು ನೆರಳಿನ ಅಂದಾಜು. ಅದು ತಪ್ಪಿದರೆ ನಲವತ್ತು ಬಣ್ಣವಿದ್ದರೂ ತಪ್ಪೇ. ಐದನೆಯ ಟ್ಯೂಬಿಗೆಂದು ಅಂಗಡಿಗೆ ಹೊರಡುವ ಮುನ್ನ ಈ ನಾಲ್ಕನ್ನು ಮುಗಿಸಿ.