ಎರಡೂ ಚಲೋನ ಅದಾವ್ರಿ ಸರ್

ವಿದೇಶಕ್ಕೆ ಹೋಗಿ ಓದಲು ನಮ್ಮ ಸರಕಾರವೇ ದುಡ್ಡು ಕೊಡುತ್ತದೆ, ಪ್ರಬುದ್ಧದಂಥ ಯೋಜನೆಗಳಿವೆ. ಆದರೆ ಅಲ್ಲಿನ ವಿಶ್ವವಿದ್ಯಾಲಯ ಮೊದಲು ಕೇಳುವುದು ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಬ್ಯಾಂಡು, ಅಂದರೆ ಅಂಕ. ಒಂಬತ್ತಕ್ಕೆ ಸಾಮಾನ್ಯವಾಗಿ ಆರೂವರೆಯಾದರೂ ಬೇಕು. ಧಾರವಾಡದಲ್ಲಿ ನಿವೃತ್ತ ಇಂಗ್ಲಿಷ್ ಮಾಸ್ತರನ ಮನೆ ಎಂದರೆ ಫೀ ಇಲ್ಲದ ಕೋಚಿಂಗ್ ಸೆಂಟರ್ ಎಂದು ಯಾರು ಸುದ್ದಿ ಹಬ್ಬಿಸಿದರೋ, ಭಾನುವಾರ ನಮ್ಮ ಕಟ್ಟೆಯ ಮೇಲೆ ಚಪ್ಪಲಿ ಬಿಡಲು ಜಾಗವಿರುವುದಿಲ್ಲ.

ಬರುವ ಈ ಹುಡುಗರಿಗೆ ಇಂಗ್ಲಿಷ್ ಬರುವುದಿಲ್ಲ ಅನ್ನುವುದು ಸುಳ್ಳು. ಪ್ಯಾಸಿವ್ ವಾಯ್ಸ್ ನನಗಿಂತ ಚೆನ್ನಾಗಿ ಬಲ್ಲರು. ತೊಡಕೇ ಬೇರೆ.

ಬರವಣಿಗೆಯ ಮೊದಲ ಪ್ರಶ್ನೆಗೆ ಗ್ರಾಫ್ ಕೊಡುತ್ತಾರೆ. ಕಂಡದ್ದನ್ನಷ್ಟೇ ಕನಿಷ್ಠ 150 ಪದಗಳಲ್ಲಿ ಬರೆಯಬೇಕು, ಸ್ವಂತ ಅಭಿಪ್ರಾಯ ಕೂಡದು. ಕೃಷಿ ಪದವೀಧರನ ಮುಂದೆ ಈರುಳ್ಳಿ ದರ ಕುಸಿದ ಗ್ರಾಫ್ ಇಟ್ಟು ಸುಮ್ಮನೆ ವರ್ಣಿಸು ಅಂದರೆ ಆದೀತೇ? ದಲಾಲಿ, ರಫ್ತು ನಿಷೇಧ, ಕೋಲ್ಡ್ ಸ್ಟೋರೇಜ್ ಇಲ್ಲದ್ದು, ಕಡೆಗೆ ಅಪ್ಪನ ಸೊಸೈಟಿ ಸಾಲ, ಎಲ್ಲ ಬಂತು. ಗ್ರಾಫ್ ಮಾತ್ರ ಬರಲಿಲ್ಲ.

ಎರಡನೆಯದಕ್ಕೆ ಕನಿಷ್ಠ 250 ಪದಗಳ ಪ್ರಬಂಧ. ಹಳ್ಳಿಗಿಂತ ನಗರವೇ ಲೇಸು, ಒಪ್ಪುತ್ತೀರಾ?

"ನೀವ ಹೇಳ್ರಿ ಸರ್."

"ನಿನ್ನ ಅಭಿಪ್ರಾಯ ಏನಪಾ?"

"ಎರಡೂ ಚಲೋನ ಅದಾವ್ರಿ."

ಬೇಡವಾದಲ್ಲಿ ಉಕ್ಕುವ ಅಭಿಪ್ರಾಯ ಬೇಕಾದಲ್ಲಿ ಬತ್ತಿಹೋಗುತ್ತದೆ. ಕೈಕಟ್ಟಿ ಕೂಡ್ರು, ದೊಡ್ಡವರಿಗೆ ಎದುರಾಡಬೇಡ ಎಂದು ಸಾಲಿಯಲ್ಲಿ ಹದಿನೈದು ವರ್ಷ ತಿದ್ದಿದ ಮೇಲೆ, ಒಪ್ಪುವುದಿಲ್ಲ ಎಂದು ಮಸಿಯಲ್ಲಿ ಬರೆಯಲು ಎದೆಗಾರಿಕೆ ಬೇಕು.

ಮಾತಿನ ಪರೀಕ್ಷೆ ಇನ್ನೂ ಕಠಿಣ. ಕಾರ್ಡು ಕೈಗಿಟ್ಟು ಒಂದು ನಿಮಿಷ ಯೋಚಿಸಲು ಬಿಡುತ್ತಾರೆ, ಆಮೇಲೆ ಎರಡು ನಿಮಿಷದವರೆಗೆ ಮಾತಾಡಬೇಕು. ಸಿಂದಗಿ ಕಡೆಯ ಹುಡುಗಿಗೆ, ನಿನಗೆ ಬಂದ ಉಡುಗೊರೆಯೊಂದರ ಬಗ್ಗೆ ಹೇಳು ಎಂದೆ.

"ನಮಗ ಯಾರೂ ಏನೂ ಕೊಟ್ಟಿಲ್ರಿ ಸರ್."

ಆರು ಸೆಕೆಂಡಿಗೆ ಮುಗಿಯಿತು.

"ಸುಳ್ಳ ಹೇಳವಾ."

"ಪರೀಕ್ಷಾದಾಗ ಸುಳ್ಳ ಹೇಳಬಹುದೇನ್ರಿ?"

ಅವರು ಅಳೆಯುವುದು ಇಂಗ್ಲಿಷನ್ನು, ಸತ್ಯಸಂಧತೆಯನ್ನಲ್ಲ ಎಂದು ತಿಳಿಸುವಷ್ಟರಲ್ಲಿ ಎರಡು ಸಲ ಚಹಾ ಆಯಿತು. ನನ್ನ ಹೆಂಡತಿ ಒಳಗಿನಿಂದ, "ಇಷ್ಟು ವಯಸ್ಸಾದ ಮ್ಯಾಲೆ ಹುಡುಗರಿಗೆ ಇದನ್ನ ಕಲಸ್ತೀರೇನು" ಅಂದಳು.

ಮುಂದಿನ ಭಾನುವಾರ ಅದೇ ಕಾರ್ಡು ಕೊಟ್ಟೆ. ಪಿಯುಸಿ ಪಾಸಾದಾಗ ಸೋದರಮಾವ ಬಂಗಾರದ ಉಂಗುರ ತೊಡಿಸಿದ್ದನ್ನು ಹುಡುಗಿ ಎಲ್ಲಿಯೂ ತಡವರಿಸದೆ ಬಣ್ಣಿಸಿದಳು. ಸುಳ್ಳೆಂದು ಗೊತ್ತಿದ್ದೂ ನನಗೆ ಆ ಮಾವನ ಮೇಲೆ ಅಕ್ಕರೆ ಹುಟ್ಟಿತು. ಪರೀಕ್ಷಕರು ಮರುಪ್ರಶ್ನೆ ಹಾಕುವುದುಂಟಲ್ಲ, ಆ ಉಂಗುರ ಎಲ್ಲಿ, ಬೆರಳಿನಲ್ಲಿ ಕಾಣುತ್ತಿಲ್ಲವಲ್ಲ ಎಂದು ಇಂಗ್ಲಿಷಿನಲ್ಲೇ ಕೆಣಕಿದೆ.

ಕಣ್ಣು ಮಿಟುಕಿಸದೆ, ತಪ್ಪಿಲ್ಲದ ಇಂಗ್ಲಿಷಿನಲ್ಲಿ ಹೇಳಿದಳು: ಈ ಪರೀಕ್ಷೆಯ ಫೀ 15 ಸಾವಿರ ದಾಟಿದೆ ಸರ್, ಕಟ್ಟಲಿಕ್ಕೆ ಮಾರಿಬಿಟ್ಟೆ.

ಏಳೂವರೆ ಹಾಕಿದೆ.