ಬರ್ಲಿ, ಬರ್ಲಿ, ಹೋಲ್ಡಾನ್!

ರಿವರ್ಸ್ ತೆಗೆಯುವವನಿಗೆ ಸಲಹೆ ಕೊಡುವ ಹಕ್ಕು ನಮ್ಮಲ್ಲಿ ಪ್ರತಿಯೊಬ್ಬರಿಗೂ ಇದೆ. ಅದಕ್ಕೆ ಲೈಸೆನ್ಸ್ ಬೇಕಿಲ್ಲ, ಸ್ವಂತ ಕಾರು ಇರಬೇಕೆಂದಿಲ್ಲ, ಎಡ ಯಾವುದು ಬಲ ಯಾವುದು ಎಂಬುದೂ ಗೊತ್ತಿರಬೇಕಾಗಿಲ್ಲ. ಹಿಂದಿನ ಬಿಳಿ ಲೈಟು ಹತ್ತಿದ್ದೇ ತಡ, ಎಲ್ಲಿಂದಲೋ ಒಬ್ಬರು ಪ್ರತ್ಯಕ್ಷರಾಗಿ, ಗಾಳಿಯಲ್ಲಿ ಕೈಯಾಡಿಸುತ್ತ "ಬರ್ಲಿ, ಬರ್ಲಿ, ಇನ್ನೂ ಬರ್ಲಿ" ಅನ್ನತೊಡಗುತ್ತಾರೆ. "ಹೋಲ್ಡಾನ್" ಎಂಬುದು ಮಾತ್ರ ಸಾಮಾನ್ಯವಾಗಿ ಢಬ್ ಎಂದ ಮೇಲೆಯೇ ಬರುವುದು.

ಈ ವಿದ್ಯೆಯಲ್ಲಿ ನಿಜಕ್ಕೂ ಪಳಗಿದವರು ನಮ್ಮ ಸರ್ಕಾರಿ ಬಸ್ಸಿನ ಕಂಡಕ್ಟರುಗಳು. ಬಾಯಲ್ಲಿ ಸೀಟಿ ಇಟ್ಟುಕೊಂಡು, ಬಸ್ಸಿನ ತಗಡಿಗೆ ಅಂಗೈಯಿಂದ ಬಡಿಯುತ್ತ ಅವರು ನಡೆದು ಬರುತ್ತಿದ್ದರೆ ಡ್ರೈವರು ಆ ಬಡಿತವನ್ನೇ ನಂಬಿ ಅಷ್ಟು ದೊಡ್ಡ ಗಾಡಿಯನ್ನು ಗೋಡೆಯ ಪಕ್ಕಕ್ಕೆ ತಂದು ನಿಲ್ಲಿಸುತ್ತಿದ್ದ. ಆಮೇಲೆ ಓಮ್ನಿ ವ್ಯಾನುಗಳ ಕಾಲದಲ್ಲಿ ರಿವರ್ಸ್ ಮ್ಯೂಸಿಕ್ಕು ಬಂತು. ಗೇರು ಹಾಕಿದರೆ ಸಾಕು, ದೇಶಭಕ್ತಿ ಗೀತೆಯೋ ಕ್ರಿಸ್‌ಮಸ್ ಹಾಡೋ ಕೀರಲು ದನಿಯಲ್ಲಿ ಹೊರಡುತ್ತಿತ್ತು. ಬೀದಿಗೆಲ್ಲ ಎಚ್ಚರಿಕೆಯಾಗುತ್ತಿತ್ತು. ಹಿಂದೆ ಏನಿದೆ ಎಂಬುದು ಗಾಡಿ ಓಡಿಸುವವನಿಗೆ ಮಾತ್ರ ತಿಳಿಯುತ್ತಿರಲಿಲ್ಲ.

2019ರ ಜುಲೈ 1ರಿಂದ ಸರ್ಕಾರ ಹೊಸ ಕಾರುಗಳಿಗೆ ಏರ್‌ಬ್ಯಾಗು, ಸೀಟ್‌ಬೆಲ್ಟಿನ ಗಂಟೆಗಳ ಜೊತೆ ರಿವರ್ಸ್ ಸೆನ್ಸರನ್ನೂ ಕಡ್ಡಾಯ ಮಾಡಿತು. ನನ್ನ ಕಾರು ಅದಕ್ಕಿಂತ ಹಳೆಯದು. ಹಾಗಾಗಿ ಹೊರಗಿನ ಅಂಗಡಿಯಲ್ಲಿ ಬೆಳ್ಳಿಬಣ್ಣದ ಬಂಪರಿಗೆ ನಾಲ್ಕು ತೂತು ಕೊರೆಸಿ, ನಾಲ್ಕು ಸೆನ್ಸರು ಕೂರಿಸಿ, ಮುಂದೆ ಡ್ಯಾಶ್‌ಬೋರ್ಡಿನ ಮೇಲೆ ಎಡ-ಬಲ ತೋರಿಸುವ ಪುಟ್ಟ ಡಿಸ್‌ಪ್ಲೇ ಅಂಟಿಸಿಕೊಂಡಿದ್ದೆ. 30×40 ಸೈಟಿನಲ್ಲಿ ಮನೆ, ಸಂಪು, ಮೆಟ್ಟಿಲು ಎಲ್ಲ ಮುಗಿದ ಮೇಲೆ ಉಳಿದ ಜಾಗಕ್ಕೆ ಕಾರು ತೂರಿಸಬೇಕಾದವರಿಗೆ ಇದು ಶೋಕಿಯಲ್ಲ.

ಆ ಬೆರಳುಗಾತ್ರದ ಸೆನ್ಸರಿನ ವಂಶಾವಳಿ ದೊಡ್ಡದು. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುತ್ತದೆ ಎಂದು 1880ರಲ್ಲಿ ಕ್ಯೂರಿ ಸಹೋದರರು ಕಂಡುಕೊಂಡರು. ವಿದ್ಯುತ್ತು ಕೊಟ್ಟರೆ ಹರಳು ಅದುರುತ್ತದೆ ಎಂಬುದೂ ತಿಳಿಯಿತು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಪಾಲ್ ಲಾಂಜೆವಿನ್ ಅದನ್ನೇ ಹಿಡಿದು ನೀರಿನೊಳಗೆ ಶಬ್ದ ಕಳಿಸಿ, ಶತ್ರುಗಳ ಸಬ್‌ಮರೀನಿಗೆ ಬಡಿದು ಬರುವ ಪ್ರತಿಧ್ವನಿ ಕೇಳುವ ಉಪಾಯ ಮಾಡಿದ. ಅದೇ ತತ್ವ ಈಗ ನಮ್ಮನೆಯ ತುಳಸಿಕಟ್ಟೆಯನ್ನು ಹುಡುಕುತ್ತದೆ. ಸೆನ್ಸರಿನ ಅಲ್ಯೂಮಿನಿಯಂ ಬಟ್ಟಲಿನ ಒಳಗೆ ಅಂಟಿಸಿದ ಬಿಲ್ಲೆ ಸುಮಾರು 40 ಕಿಲೊಹರ್ಟ್ಸ್‌ನಲ್ಲಿ ಅದುರಿ ಒಂದು ಕೂಗು ಹಾಕಿ, ತಾನೇ ಕಿವಿಯಾಗಿ ಕಾಯುತ್ತದೆ. ಒಂದೂವರೆ ಮೀಟರ್ ದೂರದ ಗೋಡೆಯಿಂದ ಉತ್ತರ ಬರಲು ಸೆಕೆಂಡಿನ ನೂರನೇ ಒಂದು ಭಾಗವೂ ಬೇಡ. ಗೋಡೆ ಹತ್ತಿರವಾದಷ್ಟೂ ಬೀಪು ಚುರುಕು. ಸುಮಾರು ಒಂದಡಿಯೊಳಗೆ ಬಂದರೆ ಬಿಡುವಿಲ್ಲದ ಒಂದೇ ರಾಗ.

ಒಂದು ಮಳೆಗಾಲ ಕಳೆದು ದಸರಾ ಮುಗಿಯುವ ಹೊತ್ತಿಗೆ ನಮ್ಮ ಕಾರು ಆ ಒಂದೇ ರಾಗಕ್ಕೆ ಅಂಟಿಕೊಂಡಿತು. ಹಿಂದೆ ಮೈದಾನವೇ ಇದ್ದರೂ ಕೂಗು. "ರೀ, ಕೂಗ್ತಾ ಇದೆ" ಅಂತ ಹೆಂಡತಿ. "ಅದು ಯಾವಾಗ್ಲೂ ಕೂಗುತ್ತೆ ಬಿಡು" ಅಂತ ನಾನು. ಕೆಟ್ಟ ಸೆನ್ಸರಿನ ದೊಡ್ಡ ಅಪಾಯ ಇದೇ. ಅದರ ದೆಸೆಯಿಂದ ನೆಟ್ಟಗಿರುವ ಉಳಿದ ಸೆನ್ಸರುಗಳ ಮಾತಿಗೂ ಬೆಲೆ ಇಲ್ಲದಾಗುತ್ತದೆ.

ಎದುರು ಮನೆಯ ನಿವೃತ್ತ ಹೆಡ್‌ಮಾಸ್ಟರಿಗೆ ಇದರಿಂದ ಬಲು ಸಂತೋಷವಾಯಿತು. ಸೆನ್ಸರು ಬಂದಾಗಿನಿಂದ ಅವರಿಗೆ ಗೇಟಿನ ಬಳಿ ಕೆಲಸವಿರಲಿಲ್ಲ. "ನಾನಿಲ್ವೇನ್ರೀ, ಅದ್ಯಾಕೆ ಬೇಕು?" ಎಂದು ಪಂಚೆ ಎತ್ತಿ ಕಟ್ಟಿ ಮತ್ತೆ ಡ್ಯೂಟಿಗೆ ಹಾಜರಾದರು.

ಸರ್ವೀಸ್ ಸೆಂಟರಿನವರು ಕಾರನ್ನು ಒಂದು ಸುತ್ತು ಬಂದು, ಹೊರಗಿನ ಫಿಟ್ಟಿಂಗು ಎಂದು ಮುಖ ಸಿಂಡರಿಸಿ, ಎಸ್ಟಿಮೇಟು ಕೊಟ್ಟರು. ಪೂರ್ತಿ ಸೆಟ್ಟು, ವೈರಿಂಗು, ತೂತಾದ ಬಂಪರಿನ ಬದಲಿಗೆ ಹೊಸ ಬಂಪರು, ಅದಕ್ಕೆ ಪೇಂಟು, ಎಲ್ಲದಕ್ಕೂ ಜಿಎಸ್‌ಟಿ. ಇನ್ನೆರಡು ಸಾಲು ಸೇರಿಸಿದ್ದರೆ ಹೊಸ ಕಾರೇ ಬರುತ್ತಿತ್ತು.

ನಾನು ನಮ್ಮ ಬಡಾವಣೆಯ ಆಟೊ ಎಲೆಕ್ಟ್ರಿಷಿಯನ್ನನ್ನು ಮನೆಗೆ ಕರೆದೆ. ಆತ ಟೂಲ್‌ಬ್ಯಾಗು ಬಿಚ್ಚಲೇ ಇಲ್ಲ. ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆಸಿ, ಎಂಜಿನ್ ಆಫ್ ಇಟ್ಟು ಇಗ್ನಿಶನ್ ಮಾತ್ರ ಆನ್ ಮಾಡಿಸಿ ರಿವರ್ಸ್ ಗೇರ್ ಹಾಕಿಸಿದ. "ಈಗ ಒಂದೊಂದಕ್ಕೂ ಕಿವಿ ಕೊಡಿ ಸಾರ್" ಅಂದ. ಮನುಷ್ಯರ ಕಿವಿಗೆ 20 ಕಿಲೊಹರ್ಟ್ಸ್ ಮೇಲೆ ಪ್ರವೇಶವಿಲ್ಲ, ನಿಜ. ಆದರೆ ಬಿಲ್ಲೆ ಪ್ರತಿ ಸಲ ಕೂಗು ಹಾಕುವಾಗ ಸಣ್ಣಗೆ ಟಿಕ್ ಅನ್ನುವುದು ಕೇಳಿಸುತ್ತದೆ, ಬೆರಳಿಟ್ಟರೆ ತಾಕುತ್ತದೆ ಕೂಡ. ನಾನು ರಸ್ತೆಯ ಮೇಲೆ ಮಂಡಿಯೂರಿ ಕಾರಿನ ಹಿಂಭಾಗಕ್ಕೆ ಕಿವಿ ಹಚ್ಚಿ ತೆವಳುತ್ತಿದ್ದುದನ್ನು ನೋಡಿ ಮೇಷ್ಟ್ರು ಕೇಳಿದರು: "ಏನಂತೆ ಅದು?"

"ಮೂರು ಟಿಕ್ ಟಿಕ್ ಅಂತಿವೆ ಮೇಷ್ಟ್ರೇ. ಒಂದು ಮಾತಾಡ್ತಿಲ್ಲ."

"ಮಾತಾಡದೇ ಇರೋದ್ರಿಂದ ಏನ್ ತೊಂದ್ರೆ? ಕೂಗೋದನ್ನ ಹಿಡೀರಿ."

ಮೂಕನ ಕಾಯಿಲೆ ಬೇಗ ಸಿಕ್ಕಿತು. ಬಂಪರಿನ ಒಳಗಿನ ಪ್ಲಗ್ಗಿಗೆ ಮಳೆನೀರು ಹೊಕ್ಕು ಪಿನ್ನು ಹಸಿರುಗಟ್ಟಿತ್ತು. ಕೆರೆದು, ಒರೆಸಿ ಸಿಕ್ಕಿಸಿದರೆ ಮತ್ತೆ ಟಿಕ್ ಟಿಕ್. ಇನ್ನೊಂದರ ಮೂತಿಯ ಮೇಲೆ ಆಯುಧಪೂಜೆಯ ಗಂಧ-ಕುಂಕುಮ ಗಟ್ಟಿಯಾಗಿ ಒಣಗಿ ಕೂತಿತ್ತು. ಅದುರಬೇಕಾದ ಚರ್ಮಕ್ಕೆ ಹೀಗೆ ಗಿಲಾವು ಮಾಡಿದರೆ ಅದು ಅದುರುವುದಾದರೂ ಹೇಗೆ? ಒದ್ದೆ ಬಟ್ಟೆಯಲ್ಲಿ ಅದನ್ನೂ ತೆಗೆದಾಯಿತು. ಆದರೂ ಡಿಸ್‌ಪ್ಲೇಯ ಬಲಮೂಲೆ ಕೂಗುತ್ತಲೇ ಇತ್ತು. ವೈರನ್ನು ಇಲಿ ಕಡಿದಿದೆಯೋ, ಸೆನ್ಸರೇ ಹೋಗಿದೆಯೋ? ಆತ ಎಡಮೂಲೆಯ ಪ್ಲಗ್ಗನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಅದಲುಬದಲು ಮಾಡಿದ. ಕೂಗು ಡಿಸ್‌ಪ್ಲೇಯ ಎಡಕ್ಕೆ ಹಾರಿತು. ವೈರು ನಿರಪರಾಧಿ. ಸೆನ್ಸರನ್ನು ಕಿತ್ತು ತಿರುಗಿಸಿದರೆ ಅಂಚಿನಲ್ಲಿ ಕೂದಲೆಳೆಯ ಬಿರುಕು, ಒಳಗೆ ತೇವ. ಎಸ್ಟಿಮೇಟಿನ ಅಷ್ಟೂ ಸಾಲುಗಳ ಮೂಲ ಇದೊಂದೇ ಬಿರುಕು.

ಕಾರಿನ ಸಾಮಾನುಗಳ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿ ಬಿಡಿ ಸೆನ್ಸರು ಕೇಳುವುದು ಧೈರ್ಯದ ಕೆಲಸ. "ಸೆಟ್ಟೇ ತಗೊಳ್ಳಿ ಸಾರ್, ಬಿಡಿ ಬರಲ್ಲ" ಎಂಬುದು ಅಲ್ಲಿಯ ಸ್ವಾಗತ ವಚನ. ಸಿಕ್ಕಿದ್ದೆಲ್ಲ ಹೊಂದುವುದೂ ಇಲ್ಲ, ಅದೇ ಕಿಟ್ಟಿನದೇ ಆಗಬೇಕು. ಹಳೆಯದನ್ನು ಜೇಬಿನಲ್ಲಿಟ್ಟುಕೊಂಡು ಅಂಗಡಿ ಅಂಗಡಿ ಅಲೆದ ಮೇಲೆ ಒಬ್ಬರ ಡ್ರಾಯರಿನ ತಳದಲ್ಲಿ ಒಂದು ಸಿಕ್ಕಿತು. ಬಣ್ಣ ಮಾತ್ರ ಕಪ್ಪು. "ಪೇಂಟ್ ಹೊಡೆಸ್ಬೇಡಿ ಸಾರ್, ದಪ್ಪ ಆದ್ರೆ ಕಿವುಡಾಗುತ್ತೆ" ಅಂದ ಎಲೆಕ್ಟ್ರಿಷಿಯನ್. ಹಿಂಭಾಗದಲ್ಲಿ 'ಅಪ್' ಎಂದು ಬರೆದ ಸಣ್ಣ ಬಾಣ ತೋರಿಸಿ, "ಇದು ಮೇಲೇ ಬರ್ಬೇಕು. ತಲೆಕೆಳಗಾದ್ರೆ ನೆಲಾನೇ ಗೋಡೆ ಅನ್ಕೊಂಡು ಕೂಗುತ್ತೆ" ಎಂದು, ಕಟಕ್ ಎಂದು ಕೂರಿಸಿದ. ಈಗ ಬೆಳ್ಳಿಬಣ್ಣದ ಬಂಪರಿನ ಬಲಮೂಲೆಗೆ ದೃಷ್ಟಿಬೊಟ್ಟು ಇಟ್ಟಂತಿದೆ.

ಪರೀಕ್ಷೆಗೆ ಮೇಷ್ಟ್ರೇ ನಿಂತರು. ಹೆಜ್ಜೆ ಹೆಜ್ಜೆಯಾಗಿ ಬಂಪರಿನ ಕಡೆಗೆ ಬಂದರು, ಬೀಪು ಚುರುಕಾಯಿತು, ಅವರ ಮುಖ ಬಾಡಿತು. ಕಾರಿನ ಹಿಂದೆಯೇ ಮಲಗಿದ್ದ ಬೀದಿನಾಯಿ ಮಾತ್ರ ಕದಲಲಿಲ್ಲ. ನಾಯಿಗಳಿಗೆ ಸುಮಾರು 45 ಕಿಲೊಹರ್ಟ್ಸ್‌ವರೆಗೂ ಕೇಳಿಸುತ್ತದೆ, ಅಂದರೆ ಸೆನ್ಸರಿನ ಕೂಗು ನೇರವಾಗಿ ಕೇಳಿಸುವುದು ನಮ್ಮ ಬೀದಿಯಲ್ಲಿ ಅದೊಂದಕ್ಕೇ. ಕೇಳಿಸಿಕೊಂಡೂ ಏಳದಿರುವ ಸ್ವಾತಂತ್ರ್ಯ ಅದಕ್ಕಿದೆ.

ಹಾಗೆಂದು ಮೇಷ್ಟ್ರ ಕೆಲಸ ಪೂರ್ತಿ ಹೋಯಿತೆಂದಲ್ಲ. ಸೆನ್ಸರಿಗೆ ಸಪೂರ ಕಂಬಿ ಸರಿಯಾಗಿ ಕಾಣದು. ಮೆತ್ತಗಿನ ವಸ್ತು ಶಬ್ದವನ್ನು ನುಂಗಿಬಿಡುತ್ತದೆ. ಹಾಗಾಗಿ ಉಣ್ಣೆ ಶಾಲು ಹೊದ್ದ ಮೇಷ್ಟ್ರು ಬರಿ ಬನಿಯನ್ನಿನ ಮೇಷ್ಟ್ರಿಗಿಂತ ಅದಕ್ಕೆ ಕಡಿಮೆಯೇ. ಇನ್ನು ಬಾಯ್ದೆರೆದ ಮೋರಿಯಂತೂ ಅದರ ಲೆಕ್ಕದಲ್ಲಿ ಖಾಲಿ ಜಾಗ, ಧಾರಾಳವಾಗಿ ಬರ್ಲಿ ಅನ್ನುತ್ತದೆ. ಮೋರಿ ಕಂಡು "ಹೋಲ್ಡಾನ್" ಅನ್ನಲು ಇಂದಿಗೂ ಮೇಷ್ಟ್ರೇ ಬೇಕು.

ಓದುಗರಲ್ಲಿ ಎರಡೇ ಮನವಿ. ಯಾರಾದರೂ ಸೆಟ್ಟನ್ನೇ ಬದಲಾಯಿಸಬೇಕು ಎಂದರೆ, ದುಡ್ಡು ಎಣಿಸುವ ಮೊದಲು ಬಂಪರಿಗೆ ಒಮ್ಮೆ ಕಿವಿ ಕೊಡಿ. ಬರುವ ಆಯುಧಪೂಜೆಗೆ ಗಂಧ-ಕುಂಕುಮವನ್ನು ಬಾನೆಟ್ಟಿಗೆ ಎಷ್ಟು ಬೇಕಾದರೂ ಬಳಿಯಿರಿ, ಹಿಂದಿನ ಆ ನಾಲ್ಕು ಬೊಟ್ಟುಗಳನ್ನು ಬಿಟ್ಟುಬಿಡಿ.