ಛಾವಣಿಭೇದ ಪ್ರಕರಣ

ಹಳೇ ಕಾರ್ಖಾನೆಯ ಜೀರ್ಣೋದ್ಧಾರಕ್ಕೆ ಇಳಿದು, ಅದರ ನೆತ್ತಿಯ ಮೇಲೆ ಸೋಲಾರ್ ಪ್ಯಾನೆಲ್ ಕೂರಿಸಹೊರಟವರಲ್ಲಿ ಎರಡು ಮತಗಳುಂಟು. ಪ್ಯಾನೆಲ್ಲೇ ಪ್ರಧಾನ, ಛಾವಣಿ ಬರೀ ನೆಪ ಎಂಬುದು ಮಾರುವವರ ಮತ. ಛಾವಣಿಯೇ ಪ್ರಧಾನ ಎಂಬುದು ಮೇಲೆ ಹತ್ತಿ ಬೋಲ್ಟ್ ಬಿಗಿಯುವವನ ಮತ. ಜಾರಿದರೆ ಸೊಂಟ ಮುರಿಯುವುದು ಎರಡನೆಯವನದೇ ಆದ್ದರಿಂದ ಅದನ್ನೇ ಸಿದ್ಧಾಂತವೆಂದು ಹಿಡಿದು, ಛಾವಣಿಗಳನ್ನು ಉತ್ತಮ, ಮಧ್ಯಮ, ಅಧಮವೆಂದು ವಿಂಗಡಿಸುತ್ತೇವೆ.

ಉತ್ತಮವೆಂದರೆ ಉತ್ತರಮುಖಿ. ಗರಗಸದ ಹಲ್ಲಿನಂತೆ ಸಾಲುಸಾಲಾಗಿ ಏರಿಳಿಯುವ, ಬಟ್ಟೆ ಗಿರಣಿಗಳ ಸೂರು ಇದು. ಲಕ್ಷಣ: ಪ್ರತಿ ಹಲ್ಲಿನ ನೆಟ್ಟನೆಯ ಮೈಗೆ ಗಾಜು, ಅದು ಉತ್ತರಕ್ಕೆ, ಇಳಿಜಾರು ದಕ್ಷಿಣಕ್ಕೆ. ಮಗ್ಗದ ಮೇಲೆ ಬಿಸಿಲು ಬೀಳದೆ ಬೆಳಕು ಮಾತ್ರ ಬೀಳಬೇಕು, ಎಳೆ ಹರಿದರೆ ಕಣ್ಣಿಗೆ ಕಾಣಬೇಕು ಎಂಬುದು ಕಟ್ಟಿದವರ ಲೆಕ್ಕ. ಪ್ಯಾನೆಲ್ಲಿಗೆ ಬೇಕಾದ ದಕ್ಷಿಣದ ಓರೆ ಅವರಿಗೆ ತಿಳಿಯದೆಯೇ ತಯಾರಾಯಿತು. ಆಕ್ಷೇಪವೂ ಇದೆ. ಬೆಂಗಳೂರು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರಕ್ಕೆ ನಡುನೆತ್ತಿಗೆ ಬರುವ ಸೂರ್ಯ ಆಮೇಲೆ ಆಗಸ್ಟ್ ನಡುವಿನವರೆಗೂ ಮಧ್ಯಾಹ್ನ ಉತ್ತರದಲ್ಲೇ ಓಡಾಡುತ್ತಾನೆ. ದಕ್ಷಿಣದ ಇಳಿಜಾರಿಗೆ ಆಗ ಸಂಪಾದನೆ ಕಮ್ಮಿ. ಹೇಗೂ ಮುಂಗಾರು ಬಂದಿರುತ್ತದೆ, ನಷ್ಟವನ್ನು ಮೋಡದ ಖಾತೆಗೆ ಬರೆದರಾಯಿತು.

ನಿಜವಾದ ತೊಡಕು ಮಾಗಿಯಲ್ಲಿ. ಮುಂದಿನ ಹಲ್ಲಿನ ಏಣು ಹಿಂದಿನ ಇಳಿಜಾರಿನ ಬುಡಕ್ಕೆ ನೆರಳು ಚೆಲ್ಲುತ್ತದೆ. ಆ ಬುಡದಲ್ಲೇ ಮಳೆನೀರಿನ ದೋಣಿ; ಅದರಲ್ಲಿ ಅರಳಿ ಎಲೆ, ಪಾರಿವಾಳದ ಗರಿ, ಯಾರೋ ಎಸೆದ ತುಕ್ಕಿನ ಬೋಲ್ಟು. ಕೆಳಗಿನ ಪಟ್ಟಿಯನ್ನು ಖಾಲಿ ಬಿಟ್ಟರೆ ನೆರಳಿನ ತಂಟೆಯೂ ಇಲ್ಲ, ದೋಣಿ ಗುಡಿಸುವವನಿಗೆ ಕಾಲಿಡಲು ಜಾಗವೂ ಸಿಕ್ಕಿತು. ಒಂದು ಕಿಲೋವ್ಯಾಟಿಗೆ ನೂರು ಚದರಡಿ ಎಂದು ಬಾಯಿಪಾಠ ಒಪ್ಪಿಸುವವರು ಈ ಪಟ್ಟಿಯನ್ನೂ ಲೆಕ್ಕಕ್ಕೆ ಸೇರಿಸಿಯೇ ಕೊಟೇಶನ್ ಕೊಡುತ್ತಾರೆ. ಎಚ್ಚರ.

ಮಧ್ಯಮ, ಹೆಂಚಿನ ಮಾಡು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯ ಗೋದಾಮುಗಳ ತಲೆಯೆಲ್ಲ ಕೆಂಪಾಯಿತು. ಹೆಂಚಿಗೆ ತೂತು ಹೊಡೆಯುವುದು ನಿಷಿದ್ಧ. ಅದನ್ನು ಸರಿಸಿ, ಕೊಕ್ಕೆಯನ್ನು ಪಕ್ಕಾಸಿಗೇ ಬಿಗಿಯಬೇಕು. ಪಕ್ಕಾಸನ್ನು ಮೊದಲೇ ಗೆದ್ದಲು ತಿಂದಿದ್ದರೆ ಕೊಕ್ಕೆ ಕಚ್ಚುವುದು ಹುಡಿಯನ್ನು. ಒಂದು ಪ್ಯಾನೆಲ್ ಇಪ್ಪತ್ತು ಕಿಲೋ ದಾಟುತ್ತದೆ ನಿಜ, ಆದರೆ ಕಡಲ ಗಾಳಿ ಅದನ್ನು ಮೇಲಕ್ಕೆ ಕೀಳುವ ಬಲವೇ ಹೆಚ್ಚಿನ ಚಿಂತೆ.

ಅಧಮ, ಆಸ್ಬೆಸ್ಟಾಸ್ ಶೀಟು. ಕಾಲಿಟ್ಟರೆ ಒಡೆಯುತ್ತದೆ, ಕೊರೆದರೆ ಪುಡಿ ಶ್ವಾಸಕೋಶಕ್ಕೆ. ಜೋಪಾನವಾಗಿ ಇಳಿಸಿ, ಹೊಸ ತಗಡು ಹೊದಿಸಿದ ಮೇಲೆಯೇ ಪ್ಯಾನೆಲ್ಲಿನ ಮಾತು. “ಶೀಟು ಆಮೇಲೆ ನೋಡೋಣ ಸಾರ್” ಎನ್ನುವ ಕಂಟ್ರಾಕ್ಟರು ಸಿಗುತ್ತಾನೆ. ಪ್ಯಾನೆಲ್ಲಿಗೆ 25 ವರ್ಷದ ವಾರಂಟಿ. ಮಾಡು ನಡುವೆಯೇ ಸೋರಿದರೆ ಎಲ್ಲವನ್ನೂ ಬಿಚ್ಚಿ ಮತ್ತೆ ಕಟ್ಟುವ ಕೂಲಿ ಮಾಲೀಕನದೇ.

ಯಾವ ವರ್ಗಕ್ಕೂ ಸೇರದ ತಂಟೆಕೋರ, ಚಿಮಣಿ. ಹೊಗೆ ನಿಂತು ಕಾಲವಾಯಿತು, ನೆರಳು ನಿಂತಿಲ್ಲ. ಪ್ಯಾನೆಲ್ಲುಗಳು ಸರಣಿಯಾಗಿ ಜೋಡಿಸಿದಂಥವು, ಒಂದಕ್ಕೆ ಮಬ್ಬು ಕವಿದರೆ ಇಡೀ ಸಾಲಿನ ಗಳಿಕೆ ಕುಸಿಯಬಹುದು. ಕೆಡವಿದರೆ ಆಗದೇ ಎಂಬುದು ಪೂರ್ವಪಕ್ಷ. ಹಾಗಾದರೆ ಹಳೇ ಕಟ್ಟಡ ಉಳಿಸುವ ಸೋಗೇಕೆ, ಖಾಲಿ ಸೈಟೇ ಸಾಕಿತ್ತಲ್ಲ? ನೆರಳು ಹಾಯುವ ಸಾಲಿಗೆ ಬೇರೆ ಇನ್ವರ್ಟರ್ ಕೊಟ್ಟರೆ ಉಳಿದವಕ್ಕೆ ಅದರ ಗೊಡವೆಯಿಲ್ಲ. ಕೆಡವುವ ಕೂಲಿಗಿಂತ ಅದು ಅಗ್ಗವೇ ಎಂಬುದು ಚಿಮಣಿಯ ಎತ್ತರಕ್ಕೆ ಬಿಟ್ಟದ್ದು.